‘ದ’ಕಾರವಿಲ್ಲದ ಸಂಜೆ

ಹೊಸಬರಿಗೆ ಕವಿತೆ ಬರೆಯಲು ಕಲಿಸಹೊರಟ ಮೊದಲ ದಿನ ನಾನು ಮಾಡಿದ ತಪ್ಪು ತೀರಾ ಸಾಮಾನ್ಯವಾದದ್ದು. ‘ತಾಯಿಯ ಬಗ್ಗೆ ಒಂದು ಕವಿತೆ ಬರೆಯಿರಿ’ ಎಂದೆ. ಎದುರಿಗೆ 11 ಮಂದಿ ಕುಳಿತಿದ್ದರು. ಅರ್ಧ ಗಂಟೆಯಲ್ಲಿ 11 ಹಾಳೆಗಳು ಕೈಗೆ ಬಂದವು. ಕವಿತೆ ಮಾತ್ರ ಒಂದೇ. ಮಮತೆಯ ಕಡಲು ಏಳು ಹಾಳೆಗಳಲ್ಲಿ ಉಕ್ಕಿ ಹರಿದಿತ್ತು. ಕಣ್ಣಿಗೆ ಕಾಣುವ ದೇವರು ಐದು ಕಡೆ ಪ್ರತ್ಯಕ್ಷವಾಗಿದ್ದಳು. ತ್ಯಾಗ ಯಾರನ್ನೂ ಬಿಟ್ಟಿರಲಿಲ್ಲ. ಆ ತಾಯಂದಿರಲ್ಲಿ ಒಬ್ಬಳಿಗೂ ವಯಸ್ಸಿಲ್ಲ, ಮಂಡಿನೋವಿಲ್ಲ, ಸಿಟ್ಟಿಲ್ಲ, ತನ್ನದೇ ಆದ ಒಂದು ಕೆಟ್ಟ ಅಭ್ಯಾಸವಿಲ್ಲ. ಹಾಳೆಗಳನ್ನು ಕಲಸಿ ಮತ್ತೆ ಹಂಚಿದ್ದರೆ ತಮ್ಮ ತಾಯಿ ಯಾರೆಂದು ಅವರಿಗೇ ಗುರುತು ಹತ್ತುತ್ತಿರಲಿಲ್ಲ.

ತಪ್ಪು ಅವರದಲ್ಲ. ಕವಿತೆ ಎಂದ ಕೂಡಲೇ ಜನ ಪೆಟ್ಟಿಗೆಯಲ್ಲಿ ಮಡಿಸಿಟ್ಟ ಮಾತುಗಳನ್ನು ಹೊರಗೆ ತೆಗೆಯುತ್ತಾರೆ. ಮನಸ್ಸು ‘ಮನ’ವಾಗುತ್ತದೆ, ಕಣ್ಣು ‘ನಯನ’ವಾಗುತ್ತದೆ, ಮಾತು ‘ನುಡಿಮುತ್ತು’ ಆಗುತ್ತದೆ. ತರಗತಿ ಶುರುವಾಗುವ ಮೊದಲು ಇದೇ ಜನ ಮೆಟ್ಟಿಲ ಬಳಿ ನಿಂತು ಎಷ್ಟು ಚುರುಕಾಗಿ ಮಾತನಾಡುತ್ತಿದ್ದರು! ಒಬ್ಬಾಕೆ ತನ್ನ ತಾಯಿ ಮೊಬೈಲನ್ನು ಎರಡೂ ಕೈಯಲ್ಲಿ ಹಿಡಿದು, ಅದು ಕಚ್ಚೀತು ಎನ್ನುವಂತೆ ದೂರವಿಟ್ಟು ಮಾತನಾಡುತ್ತಾಳೆ ಎಂದು ಹೇಳಿ ಎಲ್ಲರನ್ನೂ ನಗಿಸಿದ್ದಳು. ಆ ತಾಯಿ ಮೆಟ್ಟಿಲಲ್ಲೇ ಉಳಿದುಬಿಟ್ಟಳು. ಹಾಳೆಗೆ ಬಂದವಳು ತ್ಯಾಗಮಯಿ.

ನನಗೆ ಕಲಿಸುವ ತರಬೇತಿ ಏನೂ ಇರಲಿಲ್ಲ. ಎರಡು ತೆಳ್ಳಗಿನ ಸಂಕಲನಗಳು ಅಚ್ಚಾಗಿದ್ದವು, ಅಷ್ಟೇ ಅರ್ಹತೆ. ಒಂದು ಗ್ರಂಥಾಲಯದವರು ಮೇಲಿನ ಕೋಣೆಯನ್ನು ಬಿಟ್ಟುಕೊಟ್ಟು, ವಾರಕ್ಕೊಮ್ಮೆ ಎರಡು ಗಂಟೆಯಂತೆ 10 ವಾರ ಹೊಸಬರಿಗೆ ಕವಿತೆ ಬರೆಯಲು ಕಲಿಸಿ ಎಂದಾಗ ಹೂಂ ಎಂದಿದ್ದೆ. ಬಂದವರಲ್ಲಿ ನಿವೃತ್ತರಾದ ಗಣಿತದ ಮೇಷ್ಟರೊಬ್ಬರಿದ್ದರು, ರಾತ್ರಿಪಾಳಿ ಮುಗಿಸಿ ಬರುತ್ತಿದ್ದ ಒಬ್ಬ ನರ್ಸ್ ಇದ್ದಳು, ಬ್ಯಾಂಕಿನಲ್ಲಿ ಕೆಲಸ ಮಾಡುವ ಮಿತಭಾಷಿಯೊಬ್ಬ, ಹೊಲಿಗೆ ಬಲ್ಲ ಗೃಹಿಣಿ, ಎಲ್ಲದಕ್ಕೂ ಹುಬ್ಬು ಗಂಟಿಕ್ಕುವ 17ರ ಹುಡುಗ. ಉಳಿದವರ ವಿವರ ಬೇಡ. ಇಬ್ಬರು ಮೂರನೆಯ ವಾರಕ್ಕೆ ಬರುವುದನ್ನೇ ನಿಲ್ಲಿಸಿದರು. ಕವಿತೆ ಕಲಿಸುವುದಲ್ಲ, ಅದು ಉಕ್ಕಿ ಬರಬೇಕು ಎನ್ನುವುದು ಅವರ ವಾದ. ಉಕ್ಕಿ ಬಂದದ್ದನ್ನೇ ನಾನು ಮೊದಲ ದಿನ 11 ಹಾಳೆಗಳಲ್ಲಿ ಓದಿದ್ದೆ, ಆದ್ದರಿಂದ ಹೆಚ್ಚು ವಾದಿಸಲಿಲ್ಲ.

ಮೊದಲ ತರಗತಿಯ ಆ ರಾತ್ರಿ ನಿದ್ದೆ ಬರಲಿಲ್ಲ. ಹಾಸಿಗೆಯಲ್ಲಿ ಹೊರಳುತ್ತಿದ್ದಾಗ ನೆನಪಾದದ್ದು ಅಷ್ಟಾವಧಾನ, ಸಭೆಯ ಎದುರು ಆಶುವಾಗಿ ಪದ್ಯ ಕಟ್ಟುವ ಕಲೆ. ಅವಧಾನಿಯ ಮುಂದೆ ಪ್ರಶ್ನೆ ಹಾಕುವ ಎಂಟು ಮಂದಿ ಪೃಚ್ಛಕರು ಕುಳಿತು ಒಬ್ಬೊಬ್ಬರೂ ಒಂದೊಂದು ಬಗೆಯಲ್ಲಿ ಕಾಡುತ್ತಾರೆ. ದತ್ತಪದಿಯವನು ಪದ್ಯಕ್ಕೆ ಹೊಂದದ ನಾಲ್ಕು ಪದಗಳನ್ನು ಕೊಟ್ಟು ಸಾಲಿಗೊಂದರಂತೆ ಹೊಂದಿಸು ಎನ್ನುತ್ತಾನೆ. ಸಮಸ್ಯೆಯವನು ಅರ್ಥವೇ ಇಲ್ಲದಂತೆ ಕಾಣುವ ಕೊನೆಯ ಸಾಲನ್ನು ಕೊಟ್ಟು ಮೊದಲ ಮೂರು ಸಾಲುಗಳಲ್ಲಿ ಅದಕ್ಕೆ ಅರ್ಥ ಹುಟ್ಟಿಸು ಎನ್ನುತ್ತಾನೆ. ನಿಷೇಧಾಕ್ಷರಿಯವನಂತೂ ಅವಧಾನಿ ಅಕ್ಷರ ಅಕ್ಷರವಾಗಿ ಪದ್ಯ ಕಟ್ಟುತ್ತಿರುವಾಗಲೇ ಮುಂದೆ ಯಾವ ಅಕ್ಷರ ಬರಬಹುದೆಂದು ಊಹಿಸಿ, ಅದು ಕೂಡದು ಎಂದು ದಾರಿಗೆ ಅಡ್ಡ ನಿಲ್ಲುತ್ತಾನೆ. ಎಷ್ಟೋ ವರ್ಷ ನಾನು ಇದನ್ನು ಪಾಂಡಿತ್ಯದ ಸರ್ಕಸ್ ಎಂದೇ ತಿಳಿದಿದ್ದೆ. ಈಗ ಬೇರೆ ಅನುಮಾನ ಬಂತು. ಇಷ್ಟು ಜನ ಅಡ್ಡ ನಿಂತಾಗ ಕವಿಗೆ ಮಮತೆಯ ಕಡಲಿಗೆ ಓಡಲು ಪುರಸೊತ್ತೇ ಇರುವುದಿಲ್ಲವಲ್ಲ! ಅಡ್ಡಿ ಇರುವುದೇ ರೂಢಿಯ ಮಾತನ್ನು ತಡೆಯಲಿಕ್ಕೆ. ವೃತ್ತ, ಕಂದದಂಥ ಛಂದಸ್ಸುಗಳ ಹೊರೆಯನ್ನು ಇಳಿಸಿ ಅಡ್ಡಿಯನ್ನಷ್ಟೇ ಉಳಿಸಿಕೊಂಡರೆ ಹೊಸಬರ ತರಗತಿಗೆ ಇಷ್ಟು ಸಾಕಲ್ಲವೇ ಎನ್ನಿಸಿತು.

ಎರಡನೆಯ ವಾರ ಅದೇ ವಿಷಯವನ್ನು ಮತ್ತೆ ಕೊಟ್ಟೆ. ಈ ಸಲ ನಿಷೇಧದ ಪಟ್ಟಿಯೊಂದಿಗೆ: ತಾಯಿ, ಅಮ್ಮ, ಪ್ರೀತಿ, ಮಮತೆ, ತ್ಯಾಗ, ದೇವರು, ಮಡಿಲು, ಕಣ್ಣೀರು. ಇಷ್ಟೂ ಕೂಡದು. ಅವಳ ಕೈ ಮಾತ್ರ ಕಾಣಬೇಕು, ಅದೂ ಸಂಜೆ ಐದರಿಂದ ಆರರ ಒಳಗೆ ಆ ಕೈ ಮಾಡುವ ಕೆಲಸ ಮಾತ್ರ. ಕೋಣೆಯಲ್ಲಿ ಗೊಣಗಾಟ ಎದ್ದಿತು. ಪ್ರೀತಿ ಎನ್ನದೆ ತಾಯಿಯನ್ನು ಹೇಳುವುದು ಹೇಗೆ ಎಂದು ಒಬ್ಬರು ಸಾಕಷ್ಟು ಬೇಸರದಿಂದಲೇ ಕೇಳಿದರು. ನನ್ನಲ್ಲೂ ಉತ್ತರವಿರಲಿಲ್ಲ. ಹೊಲಿಗೆಯ ಗೃಹಿಣಿ ಎಲ್ಲರಿಗಿಂತ ಕೊನೆಯಲ್ಲಿ ಹಾಳೆ ಕೊಟ್ಟಳು, ಕೊಡುವಾಗ ‘ಇದು ಕವಿತೆಯಾಗಿಲ್ಲ, ಇದ್ದದ್ದನ್ನು ಇದ್ದ ಹಾಗೆ ಬರೆದಿದ್ದೇನೆ’ ಎಂದಳು.

ಸೂಜಿಗೆ ದಾರ ಪೋಣಿಸಲು
ಈಗ ನನ್ನನ್ನು ಕರೆಯುತ್ತಾಳೆ.
ಪೋಣಿಸಿ ಕೊಡುತ್ತೇನೆ.
ಕನ್ನಡಕದ ಮಾತನ್ನು
ಇಬ್ಬರೂ ಎತ್ತುವುದಿಲ್ಲ.

ನಾನು ಇದನ್ನು ಗಟ್ಟಿಯಾಗಿ ಓದಿದಾಗ ಕೋಣೆ ಸುಮ್ಮನಾಯಿತು. ನರ್ಸ್ ಮಾತ್ರ ‘ಅಯ್ಯೋ’ ಎಂದಳು, ಬಹಳ ಮೆಲ್ಲಗೆ. ಹಿಂದಿನ ವಾರ ಹೊಲಿಗೆಯ ಇದೇ ಗೃಹಿಣಿ ತಾಯಿಯನ್ನು ‘ಬಾಳಿನ ನಂದಾದೀಪ’ ಎಂದು ಬರೆದಿದ್ದಳು. ನಂದಾದೀಪದ ಕೆಳಗೆ ಕಾಣದಿದ್ದ ಮುಪ್ಪು ಸೂಜಿಯ ಕಣ್ಣಿನಲ್ಲಿ ಕಂಡಿತು. ಇದ್ದದ್ದನ್ನು ಇದ್ದ ಹಾಗೆ ಬರೆದದ್ದು ಕವಿತೆಯಲ್ಲ ಎಂದು ಆಕೆಗೆ ಯಾರು ಹೇಳಿಕೊಟ್ಟಿದ್ದರೋ ತಿಳಿಯದು; ಆ ಪಾಠವನ್ನು ಮರೆಸಲು ನನಗೆ ಇನ್ನೂ ನಾಲ್ಕು ವಾರ ಹಿಡಿಯಿತು.

ಮೂರನೆಯ ವಾರ ಪದಗಳನ್ನು ಬಿಟ್ಟು ಅಕ್ಷರಕ್ಕೆ ಕೈ ಹಾಕಿದೆ. ‘ದ’ ಕೂಡದು. ದಾ, ದಿ, ದು, ದೆ, ಒತ್ತಾಗಿ ಬರುವ ದಕಾರ, ಯಾವುದೂ ಕೂಡದು. ಫ್ರೆಂಚ್ ಲೇಖಕ ಜಾರ್ಜ್ ಪೆರೆಕ್ 1969ರಲ್ಲಿ ‘ಇ’ (e) ಎಂಬ ಅಕ್ಷರವೇ ಇಲ್ಲದ ಇಡೀ ಕಾದಂಬರಿಯನ್ನು ಪ್ರಕಟಿಸಿದ್ದನ್ನು ಹೇಳಿ ಧೈರ್ಯ ತುಂಬಿದೆ. ಫ್ರೆಂಚ್ ಭಾಷೆಯಲ್ಲಿ ಅತಿ ಹೆಚ್ಚು ಬಳಕೆಯಾಗುವ ಅಕ್ಷರ ಅದು. ನಮಗೆ ಐದು ಸಾಲು ಸಾಕು. ನಿಜ ಹೇಳಬೇಕೆಂದರೆ ‘ದ’ವನ್ನು ನಾನು ಹೆಚ್ಚು ಯೋಚಿಸದೆ ಆರಿಸಿದ್ದೆ. ಅದು ಕನ್ನಡದ ಮೈಯಲ್ಲಿ ಎಲ್ಲೆಲ್ಲಿ ಕುಳಿತಿದೆ ಎಂದು ಗೊತ್ತಾದದ್ದು ಅದನ್ನು ಕಿತ್ತ ಮೇಲೆ.

ಮೊದಲು ಹೋದದ್ದು ‘ಇದೆ’. ಆಮೇಲೆ ‘ಅದು’, ‘ಇದು’, ‘ಎಂದು’. ‘ಮರದ’, ‘ಮನದ’, ‘ಹೃದಯದ’ ಎಲ್ಲವೂ ಹೋದವು. ಕೊನೆಯದು ಹೋದದ್ದಕ್ಕೆ ನನಗೆ ಒಳಗೊಳಗೇ ಸಂತೋಷವಾಯಿತು. ‘ಇಂದ’ ಪ್ರತ್ಯಯ ಹೋಯಿತು, ಆದ್ದರಿಂದ ಯಾರೂ ಎಲ್ಲಿಂದಲೂ ಬರುವಂತಿಲ್ಲ. ಎಲ್ಲಕ್ಕಿಂತ ದೊಡ್ಡ ಹೊಡೆತ ಭೂತಕಾಲಕ್ಕೆ ಬಿತ್ತು. ಬಂದ, ಹೋದ, ನೋಡಿದ, ಹೇಳಿದ, ಮಾಡಿದ: ಮುಗಿದ ಕೆಲಸಗಳೆಲ್ಲ ‘ದ’ಕಾರದ ಮೇಲೆಯೇ ನಿಂತಿದ್ದವು. ಪೆನ್ನು ಹಿಡಿದು ಎಲ್ಲರೂ ಚಾವಣಿಯನ್ನು ನೋಡುತ್ತ ಕುಳಿತರು. ಹತ್ತು ನಿಮಿಷದ ಮೇಲೆ ಗಣಿತದ ಮೇಷ್ಟರು ಕೈ ಎತ್ತಿ, ‘ಪೂರ್ತಿ ಹೋಗಿಲ್ಲ, ಕೆಲವು ಉಳಿದಿವೆ’ ಎಂದರು. ಎದ್ದು ಬಂದು ಹಲಗೆಯ ಮೇಲೆ ಉಳಿದ ಭೂತಕಾಲಗಳನ್ನು ಬರೆದರು: ನಕ್ಕ, ಅತ್ತ, ಕೂತ, ನಿಂತ, ಸೋತ, ಕೊಟ್ಟ, ಬಿಟ್ಟ, ಹೊತ್ತ, ಸತ್ತ.

ಪಟ್ಟಿ ಬೆಳೆದಂತೆ ಕೋಣೆಯಲ್ಲಿ ನಗು ಎದ್ದಿತು. ಕೊನೆಯ ಪದಕ್ಕೆ ಬರುವ ಹೊತ್ತಿಗೆ ಯಾರೂ ನಗುತ್ತಿರಲಿಲ್ಲ. ಇಷ್ಟು ಕ್ರಿಯಾಪದಗಳಿದ್ದರೆ ಒಬ್ಬ ಮನುಷ್ಯನ ಜೀವನಚರಿತ್ರೆ ಬರೆಯಬಹುದು ಎಂದು ನರ್ಸ್ ಹೇಳಿದಳು. ಬ್ಯಾಂಕಿನ ಮಿತಭಾಷಿ ಅದನ್ನೇ ಮಾಡಿದ:

ಅಪ್ಪ ನಕ್ಕ, ಒಮ್ಮೆ.
ಮೂಲೆಯಲ್ಲಿ ಕೂತ, ಹಲವು ಸಲ.
ಕೊಡೆ ನನಗೆ ಕೊಟ್ಟ,
ಮಳೆಯಲ್ಲಿ ನಿಂತ.

‘ಅಪ್ಪನ ಬಗ್ಗೆ ಬರೆಯಬೇಕು ಎಂದು ಕೂತಿರಲಿಲ್ಲ’ ಎಂದು ಆತ ಆಮೇಲೆ ವಿವರಣೆ ಕೊಟ್ಟ, ತಪ್ಪು ಒಪ್ಪಿಕೊಳ್ಳುವ ದನಿಯಲ್ಲಿ. ‘ದ ಇಲ್ಲದ ಪದ ಹುಡುಕುತ್ತಿದ್ದೆ, ಅವರು ಬಂದರು.’ ಈ ವಾಕ್ಯವನ್ನು ನಾನು ನನ್ನ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡೆ. ಅಪ್ಪನ ಬಗ್ಗೆ ಬರೆಯಿರಿ ಎಂದಿದ್ದರೆ ಆಲದ ಮರ ಬರುತ್ತಿತ್ತು, ನೆರಳು ಬರುತ್ತಿತ್ತು, ಅಪ್ಪ ಬರುತ್ತಿರಲಿಲ್ಲ. ಗಮನವೆಲ್ಲ ಅಕ್ಷರದ ಕಾವಲಿನಲ್ಲಿದ್ದಾಗ ಆತ ಹಿಂಬಾಗಿಲಿನಿಂದ ಒಳಗೆ ಬಂದು ಕೂತಿದ್ದ. ಹಾಗೆಂದು ಎಲ್ಲರಿಗೂ ಇದು ಒದಗಲಿಲ್ಲ. ಹುಡುಗ ಐದು ಸಾಲುಗಳಲ್ಲಿ ಬರೀ ಊರುಗಳ ಹೆಸರು ಬರೆದು, ನಿಯಮ ಮುರಿದಿಲ್ಲ ನೋಡಿ ಎಂದ. ಮುರಿದಿರಲಿಲ್ಲ, ನಿಜ.

ಆ ಹುಡುಗನಿಗೆ ಒಗ್ಗಿದ್ದು ದತ್ತಪದಿ. ಬೀಗ, ಏಣಿ, ಕಾಗೆ, ರಶೀದಿ ಎಂಬ ನಾಲ್ಕು ಪದಗಳನ್ನು ಚೀಟಿಯಲ್ಲಿ ಎತ್ತಿ ಕೊಟ್ಟಿದ್ದೆ. ಹದಿನೈದು ನಿಮಿಷ, ನಾಲ್ಕು ಸಾಲು, ಉಪಮೆ ಕೂಡದು. ‘ಅಂತೆ’ಯನ್ನು ಒಮ್ಮೆ ಬಳಸಲು ಅವನು ಚೌಕಾಸಿ ಮಾಡಿ ಅನುಮತಿ ಪಡೆದ.

ರಶೀದಿಯ ಹಿಂದೆ ಬರೆದಿಟ್ಟ ವಿಳಾಸಕ್ಕೆ ಬಂದೆ.
ಬಾಗಿಲಿಗೆ ಬೀಗ. ಗೋಡೆಗೊರಗಿದ ಏಣಿ.
ಅದರ ತುದಿಯಲ್ಲಿ ಕೂತ ಕಾಗೆ
ಯಾರು ಬೇಕಿತ್ತು ಎಂದು ಕೇಳುವಂತೆ ನೋಡಿತು.

ಚೀಟಿ ಎತ್ತುವ ಆಟದಲ್ಲಿ ಪದಗಳ ಆಯ್ಕೆ ಮುಖ್ಯ. ‘ಚಂದಿರ, ಕಡಲು, ಕನಸು, ಹಣತೆ’ ಎಂದು ಕೊಟ್ಟು ನೋಡಿದ್ದೆ, ಇನ್ನೊಂದು ವಾರ. ನಾಲ್ಕೂ ಪದಗಳು ಒಂದೇ ಮನೆಯ ಮಕ್ಕಳು. ಕೈ ಹಿಡಿದುಕೊಂಡು ಬಂದು ಹಳೆಯ ಹಾಡನ್ನೇ ಹಾಡಿದವು. ಪರಸ್ಪರ ಪರಿಚಯವಿಲ್ಲದ ಪದಗಳು ಬೇಕು, ಅದರಲ್ಲೊಂದಾದರೂ ಕಚೇರಿಯ ವಾಸನೆಯದಾಗಿರಬೇಕು. ರಶೀದಿ, ಸಹಿ, ಹಾಜರಿ, ಕಂತು ಇಂಥವು. ಇದಕ್ಕೆ ಕಾರಣ ಕೇಳಿದರೆ ಹೇಳಲಾರೆ. ಅನುಭವದ ಮಾತು.

ನ್ಯೂಯಾರ್ಕಿನ ಒಂದು ಪ್ರಾಥಮಿಕ ಶಾಲೆಯಲ್ಲಿ 1968ರಿಂದ ಮಕ್ಕಳಿಗೆ ಕವಿತೆ ಬರೆಯಲು ಕಲಿಸಿದ ಕವಿ ಕೆನೆತ್ ಕೋಕ್ ಅವರ ಅಭ್ಯಾಸವೊಂದನ್ನು ನಾಲ್ಕನೆಯ ವಾರಕ್ಕೆ ಎರವಲು ಪಡೆದೆ. ಅವರ ಮಕ್ಕಳು ಪ್ರತಿ ಸಾಲನ್ನೂ ‘ನನಗೆ ಹೀಗೊಂದು ಆಸೆ’ ಎನ್ನುವ ಅರ್ಥದ ಎರಡು ಪದಗಳಿಂದ ಆರಂಭಿಸಬೇಕಿತ್ತು, ಜೊತೆಗೆ ಸಾಲಿನಲ್ಲೊಂದು ಬಣ್ಣ, ಒಂದು ಊರು ಅಥವಾ ದೇಶ, ಕಾಮಿಕ್ಸ್ ಚಿತ್ರಕಥೆಯ ಒಂದು ಪಾತ್ರ ಇರಬೇಕಿತ್ತು. ಇಂಗ್ಲಿಷಿನಲ್ಲಿ ಆಸೆ ಸಾಲಿನ ಬಾಯಲ್ಲೇ ಇರುತ್ತದೆ. ಕನ್ನಡದಲ್ಲಿ ಕ್ರಿಯಾಪದ ಬಾಲದಲ್ಲಿ ಬರುವುದರಿಂದ ‘ಇರಬೇಕಿತ್ತು’ ಎನ್ನುವುದು ಪ್ರತಿ ಸಾಲಿನ ಕೊನೆಗೆ ಹೋಗಿ ಕೂತಿತು. ಆಸೆ ಏನೆಂದು ಮೊದಲು ಹೇಳಿ, ಅದು ಬರೀ ಆಸೆ ಎಂಬುದನ್ನು ಕೊನೆಗೆ ಹೇಳುವ ಭಾಷೆ ನಮ್ಮದು. ಸಾಲಿನ ತುದಿಯವರೆಗೂ ಓದುಗ ಅದನ್ನು ನಿಜವೆಂದೇ ನಂಬಿಕೊಂಡು ಬರಬಹುದು. ಇದನ್ನು ನಾನು ಅದಕ್ಕೂ ಮೊದಲು ಗಮನಿಸಿರಲಿಲ್ಲ.

ಇದರ ಇನ್ನೊಂದು ಮುಖವೂ ಇದೆ. ಕ್ರಿಯಾಪದ ಕೊನೆಯಲ್ಲಿರುವುದರಿಂದ ಅಂತ್ಯಪ್ರಾಸ ಕನ್ನಡದಲ್ಲಿ ಪುಕ್ಕಟೆ. ಬಂದಿತು, ನಿಂದಿತು, ಬೆಂದಿತು. ಹಾಡಿದೆ, ಕಾಡಿದೆ, ಬೇಡಿದೆ. ಪ್ರಾಸದ ಅಭ್ಯಾಸ ಕೊಟ್ಟ ದಿನ ಎಲ್ಲರೂ ಮಹಾ ಹುರುಪಿನಲ್ಲಿ ಎರಡೆರಡು ಪುಟ ಬರೆದರು, ಒಂದು ಸಾಲೂ ಉಳಿಯಲಿಲ್ಲ. ಹಳಗನ್ನಡದವರು ಪ್ರಾಸವನ್ನು ಸಾಲಿನ ಆರಂಭಕ್ಕೆ, ಎರಡನೆಯ ಅಕ್ಷರಕ್ಕೆ ಒಯ್ದು ಇಟ್ಟದ್ದಕ್ಕೆ ಇದೂ ಒಂದು ಕಾರಣವಿರಬೇಕು ಎಂದು ನನ್ನ ಗುಮಾನಿ. ಅಲ್ಲಿ ಪ್ರಾಸ ಸುಲಭಕ್ಕೆ ಸಿಗುವುದಿಲ್ಲ. ಗೋವಿಂದ ಪೈಯವರು ಕಳೆದ ಶತಮಾನದ ಆರಂಭದಲ್ಲೇ ಆ ಆದಿಪ್ರಾಸವನ್ನು ಬಿಟ್ಟು ದೊಡ್ಡ ಚರ್ಚೆಗೆ ಕಾರಣರಾದರು. ಆಮೇಲೆ ಎಲ್ಲರೂ ಬಿಟ್ಟರು. ಅಭ್ಯಾಸಕ್ಕಾಗಿ ಅದನ್ನು ಮತ್ತೆ ಎತ್ತಿಕೊಂಡರೆ ಹೇಗೆ ಎಂದು ಆರನೆಯ ವಾರ ಆರು ಸಾಲಿನ ಷಟ್ಪದಿಗೆ ಇಳಿದೆ. ಧೈರ್ಯ ಸ್ವಲ್ಪ ಹೆಚ್ಚೇ ಆಯಿತು.

ಗಣಗಳನ್ನು ನೆನಪಿಡುವ ಸೂತ್ರ ‘ಯಮಾತಾರಾಜಭಾನಸಲಗಂ’ ಎಂದು ಶಾಲೆಯಲ್ಲಿ ಕಂಠಪಾಠ ಮಾಡಿದವರು ಐವರಿದ್ದರು, ಅದರ ಉಪಯೋಗ ಏನೆಂದು ನೆನಪಿದ್ದದ್ದು ಮೇಷ್ಟರಿಗೆ ಮಾತ್ರ. ಅಕ್ಷರಗಣಗಳ ತಂಟೆಗೆ ಹೋಗದೆ, ಉಚ್ಚಾರದ ಕಾಲವನ್ನು ಅಳೆಯುವ ಮಾತ್ರೆಯಿಂದ ಶುರು ಮಾಡಿದೆ. ಲಘುವಿಗೆ ಒಂದು, ಗುರುವಿಗೆ ಎರಡು. ಎಲ್ಲರೂ ಎಡವುವುದು ಒಂದೇ ಕಡೆ: ‘ಕತ್ತಲೆ’ ಎಂದಾಗ ಒತ್ತಿರುವ ‘ತ್ತ’ ಗುರು ಎಂದುಕೊಳ್ಳುತ್ತಾರೆ. ಭಾರ ಬೀಳುವುದು ಅದರ ಹಿಂದಿನ ‘ಕ’ದ ಮೇಲೆ. ಪುಸ್ತಕದ ನಿಯಮ ಹೇಳಿದರೆ ತಲೆಯಾಡಿಸಿ ಮತ್ತೆ ತಪ್ಪುತ್ತಾರೆ. ಕೊನೆಗೆ ಎಲ್ಲರನ್ನೂ ಎದ್ದು ನಿಲ್ಲಿಸಿ, ಮಾತ್ರೆಗೊಂದು ಹೆಜ್ಜೆಯಂತೆ ಕೋಣೆಯ ಸುತ್ತ ನಡೆಸಿದೆ. ‘ಕ’ ಎಂದು ಒಂದು ಹೆಜ್ಜೆ ಇಟ್ಟು, ನಾಲಿಗೆ ಹಲ್ಲಿಗೆ ಅಂಟಿಕೊಂಡು ಕಾಯುವಾಗ ಇನ್ನೊಂದು ಹೆಜ್ಜೆ. ಕಾಯುವುದು ಕಾಲಿಗೆ ಗೊತ್ತಾದ ಮೇಲೆ ಯಾರೂ ತಪ್ಪಲಿಲ್ಲ. ಕೆಳಗಿನ ಓದುವ ಕೋಣೆಯಿಂದ ಒಬ್ಬರು ಮೇಲೆ ಬಂದು, ಏನಾಗುತ್ತಿದೆ ಎಂದು ವಿಚಾರಿಸಿ ಹೋದರು.

ಭಾಮಿನಿ ಷಟ್ಪದಿಯ ನಡಿಗೆ ಮೂರು, ನಾಲ್ಕು, ಮೂರು, ನಾಲ್ಕು. ಕುಮಾರವ್ಯಾಸ ತನ್ನ ಭಾರತವನ್ನು ಹಾಡಿದ ಲಯ. ಒಂದು, ಎರಡು, ನಾಲ್ಕು, ಐದನೆಯ ಸಾಲುಗಳಿಗೆ 14 ಮಾತ್ರೆ. ಮೂರು ಮತ್ತು ಆರನೆಯ ಸಾಲುಗಳಲ್ಲಿ ಮೂರು–ನಾಲ್ಕರ ಜೋಡಿ ಮೂರು ಸಲ ಬಂದು ಕೊನೆಗೊಂದು ಗುರು, ಒಟ್ಟು 23. ಹೆಚ್ಚಿನವರು ಒಂದು ಸಾಲಿಗೆ ಸುಸ್ತಾದರು. ನರ್ಸ್ ತನ್ನ ಹಾಳೆಯನ್ನು ಮಡಿಸಿ ದೋಣಿ ಮಾಡಿದಳು. ಮೇಷ್ಟರು ಮಾತ್ರ ಎರಡು ತರಗತಿಗಳ ನಡುವಿನ ವಾರವಿಡೀ ಕೂಡಿ ಕಳೆದು ಅರ್ಧ ಷಟ್ಪದಿ ತಂದರು, ಪ್ರತಿ ಸಾಲಿನ ಎರಡನೆಯ ಅಕ್ಷರದಲ್ಲಿ ‘ನ್ನ’ ಪ್ರಾಸವಿಟ್ಟು:

ಕನ್ನಡಕವನು ಹುಡುಕಿ ಹುಡುಕುತ
ತನ್ನ ಮೂಗನೆ ಮರೆತ ಮೇಷ್ಟರು
ನಿನ್ನೆ ಕಲಿಸಿದ ಪಾಠದಲ್ಲಿಯೆ ತಪ್ಪು ಕಂಡರು ತಾ

ಎಲ್ಲರೂ ಎಣಿಸಿದರು. 14, 14, 23. ಚಪ್ಪಾಳೆ ಬಿತ್ತು. ಹುಡುಗ, ‘ಕೊನೆಯ ತಾ ಯಾಕೆ?’ ಎಂದು ಕೇಳಿದ. ಮೇಷ್ಟರು ನಿರ್ವಂಚನೆಯಿಂದ, ‘ಅಲ್ಲೊಂದು ಗುಂಡಿ ಇತ್ತು, ಮುಚ್ಚಿದೆ’ ಎಂದರು. ಅವರು ತಮಾಷೆಗೆ ಬರೆದದ್ದು ಎಂದು ಅಂದು ನಾವೆಲ್ಲ ತಿಳಿದೆವು. 35 ವರ್ಷ ಕಲಿಸಿದ ಪಾಠವೊಂದರಲ್ಲಿ ತಪ್ಪಿತ್ತು ಎಂದು ನಿವೃತ್ತಿಯ ಬಳಿಕ ತಿಳಿದದ್ದನ್ನು ಅವರು ಹೇಳಿದ್ದು ಎಷ್ಟೋ ದಿನ ಕಳೆದ ಮೇಲೆ, ಮೆಟ್ಟಿಲು ಇಳಿಯುವಾಗ, ನನ್ನೊಬ್ಬನಿಗೆ.

ಐದನೆಯ ವಾರವನ್ನು ಬಿಟ್ಟು ಆರಕ್ಕೆ ಹಾರಿದ್ದೇನೆ. ಅದು ಹೇಳಲು ಇಷ್ಟವಿಲ್ಲದ ವಾರ. ಹಿಂದಿನ ವಾರಗಳ ಗೆಲುವು ತಲೆಗೆ ಏರಿತ್ತು. ‘ಈಗ ಇಲ್ಲದವರೊಬ್ಬರಿಗೆ ಪತ್ರ ಬರೆಯಿರಿ’ ಎಂದೆ. ಇದು ಬಹಳ ಕಡೆ ಬಳಕೆಯಲ್ಲಿರುವ ಅಭ್ಯಾಸ, ನನಗೂ ಗೊತ್ತಿತ್ತು. ಯಾರ ಕೈಯಲ್ಲೂ ಏನನ್ನಾದರೂ ಬರೆಸುತ್ತದೆ. ಹತ್ತು ನಿಮಿಷದಲ್ಲಿ ಒಬ್ಬಾಕೆ ಪೆನ್ನು ಕೆಳಗಿಟ್ಟು ಎದ್ದು ಹೊರಗೆ ಹೋದಳು. ಚೀಲ ಕುರ್ಚಿಯ ಮೇಲೆಯೇ ಇತ್ತು. ನಾನು ಹಿಂದೆ ಹೋಗಬೇಕೋ ಬೇಡವೋ ತಿಳಿಯದೆ ನಿಂತೆ. ನರ್ಸ್ ಹೋದಳು. ಉಳಿದವರು ಬರೆದದ್ದನ್ನು ಓದಿಸುವ ಧೈರ್ಯ ನನಗಾಗಲಿಲ್ಲ, ಅವರಿಗೂ ಇಷ್ಟವಿದ್ದಂತೆ ಕಾಣಲಿಲ್ಲ. ಆ ಗಾಯ ಎಷ್ಟು ಹೊಸದೆಂದು ನಾನು ಕೇಳಿರಲಿಲ್ಲ. ಬರಲಿ ಎಂದು ಕಾಯುವುದಕ್ಕೂ ನಲ್ಲಿ ತಿರುಗಿಸುವುದಕ್ಕೂ ಇರುವ ವ್ಯತ್ಯಾಸವನ್ನು ಮರೆತಿದ್ದೆ. ಆಕೆ ಮುಂದಿನ ವಾರ ಬಂದಳು, ನಾನು ಕ್ಷಮೆ ಕೇಳಿದೆ, ‘ಪರವಾಗಿಲ್ಲ’ ಎಂದಳು. ಪರವಾಗಿತ್ತು. ಅಲ್ಲಿಂದ ಮುಂದೆ ನಾನು ಆಕಾರವನ್ನು ಕೊಡುತ್ತೇನೆ, ಅಕ್ಷರ ಕಿತ್ತುಕೊಳ್ಳುತ್ತೇನೆ, ವಸ್ತುಗಳನ್ನು ಕೊಡುತ್ತೇನೆ. ಯಾರ ಬಗ್ಗೆ, ಯಾವುದರ ಬಗ್ಗೆ ಎಂದು ಹೇಳುವುದಿಲ್ಲ.

ಅದರ ಬದಲಿಗೆ ಸುಳ್ಳಿನ ಅಭ್ಯಾಸ ಮಾಡಿಸಿದೆ. ನಿಮ್ಮ ಬಗ್ಗೆ ಐದು ಸುಳ್ಳು ಬರೆಯಿರಿ, ಅನುಮಾನ ಬರದಂತೆ. ಸುಳ್ಳಿಗೆ ವಿವರ ಬೇಕಾಗುತ್ತದೆ ಎಂಬುದು ಕಳ್ಳನಿಗೂ ಗೊತ್ತು, ಕವಿತೆಗೆ ಬೇಕಾದದ್ದೂ ಅದೇ. ಬ್ಯಾಂಕಿನ ಮಿತಭಾಷಿಯ ಪಟ್ಟಿಯಲ್ಲಿ ನಾಲ್ಕು ಸುಳ್ಳುಗಳು ಸಪ್ಪೆಯಾಗಿದ್ದವು. ಐದನೆಯದು: ‘ಒಂಟಿತನ ಎಂದರೆ ಏನೆಂದು ನನಗೆ ಗೊತ್ತಿಲ್ಲ. ಮನೆಯಲ್ಲಿ ಎಂಟು ಕುರ್ಚಿಗಳಿವೆ.’ ಎರಡನೆಯ ವಾಕ್ಯ ಸುಳ್ಳೇ ಎಂದು ಕೇಳಿದ್ದಕ್ಕೆ, ‘ಇಲ್ಲ, ಅದು ನಿಜ’ ಎಂದ.

ಮಡಿಸಿದ ಕಾಗದದ ಆಟವನ್ನೂ ಆಡಿದೆವು, ಕನಸಿನ ತರ್ಕವನ್ನು ನೆಚ್ಚಿದ ಪ್ಯಾರಿಸ್ಸಿನ ಕವಿ–ಕಲಾವಿದರು, ಸರ್ರಿಯಲಿಸ್ಟರು, 1925ರ ಸುಮಾರಿಗೆ ಆಡಿದ್ದು. ಒಬ್ಬರು ವಿಶೇಷಣ ಬರೆದು ಮಡಿಸಿ, ಇನ್ನೊಬ್ಬರು ನಾಮಪದ, ಮತ್ತೊಬ್ಬರು ಕರ್ಮ, ಕೊನೆಯವರು ಕ್ರಿಯೆ. ಕನ್ನಡದಲ್ಲಿ ಲಿಂಗ, ವಚನಗಳು ಹೊಂದದೆ ವಾಕ್ಯ ಮುರಿಯುತ್ತದೆ, ಆದ್ದರಿಂದ ನಪುಂಸಕಲಿಂಗ ಏಕವಚನ ಮಾತ್ರ ಎಂದು ಕಟ್ಟು ಹಾಕಿದೆ. ‘ತೂಕಡಿಸುವ ಗಡಿಯಾರ ಒದ್ದೆಯಾದ ಸಹಿಯನ್ನು ಒಣಗಹಾಕಿತು’ ಎಂಬುದೊಂದು ಬಂತು. ನಕ್ಕೆವು. ಅದರಿಂದ ಕಲಿತದ್ದು ಹೆಚ್ಚೇನಿಲ್ಲ, ಆದರೆ ಐದನೆಯ ವಾರದ ಬಳಿಕ ಎಲ್ಲರೂ ಒಟ್ಟಿಗೆ ನಗುವುದು ಬೇಕಿತ್ತು.

ಓದಿದ ಕವಿತೆಗೆ ಏನು ಹೇಳುವುದು ಎಂಬುದು ಬರೆಸುವುದಕ್ಕಿಂತ ಕಷ್ಟದ ಪ್ರಶ್ನೆ. ಮೊದಲ ವಾರಗಳಲ್ಲಿ ಎಲ್ಲರೂ ಎಲ್ಲರಿಗೂ ‘ತುಂಬಾ ಚೆನ್ನಾಗಿದೆ’ ಎನ್ನುತ್ತಿದ್ದರು, ಇದೊಂದು ಸಾಲದ ವ್ಯವಹಾರ. ಆ ಮಾತನ್ನೂ ನಿಷೇಧದ ಪಟ್ಟಿಗೆ ಸೇರಿಸಿದೆ. ಅದರ ಬದಲು, ಕವಿತೆಯನ್ನು ಒಮ್ಮೆ ಕೇಳಿಸಿಕೊಂಡು, ಎರಡು ನಿಮಿಷ ಬೇರೇನೋ ಮಾತನಾಡಿ, ಆಮೇಲೆ ನೆನಪಿನಲ್ಲಿ ಉಳಿದ ಪದಗಳನ್ನು ಮಾತ್ರ ಬರೆದು ಕವಿಗೆ ಕೊಡಬೇಕು. ಹೊಗಳಿಕೆ ಇಲ್ಲ, ತೆಗಳಿಕೆ ಇಲ್ಲ. ಸೂಜಿಯ ಕವಿತೆಯನ್ನು ಹೀಗೆ ಮತ್ತೆ ಓದಿಸಿದಾಗ ಎಲ್ಲ ಚೀಟಿಗಳಲ್ಲೂ ‘ಸೂಜಿ’ ಇತ್ತು, ‘ಕನ್ನಡಕ’ ಇತ್ತು. ವಿಶೇಷಣಗಳಿಂದ ತುಂಬಿ ತುಳುಕುತ್ತಿದ್ದ ಇನ್ನೊಬ್ಬರ ದೀರ್ಘ ಕವಿತೆಗೆ ಬಂದ ಚೀಟಿಗಳಲ್ಲಿ ಮೂರು ಖಾಲಿ, ಒಂದರಲ್ಲಿ ‘ಮತ್ತು’ ಎಂದಷ್ಟೇ ಇತ್ತು. ಹತ್ತು ಪುಟದ ವಿಮರ್ಶೆ ಬರೆದರೂ ಅಷ್ಟು ಸ್ಪಷ್ಟವಾಗಿ ಹೇಳಲು ನನಗೆ ಆಗುತ್ತಿರಲಿಲ್ಲ. ಅವರು ಸಿಟ್ಟಾದರು. ಮುಂದಿನ ವಾರ ಒಂದೂ ವಿಶೇಷಣವಿಲ್ಲದ ಕವಿತೆ ತಂದರು, ಅದು ಸಿಟ್ಟಿನಿಂದಲೇ ಬರೆದದ್ದು, ಬಹಳ ಒಳ್ಳೆಯದಿತ್ತು.

ಸಾಲು ಮುರಿಯುವುದಕ್ಕೆ ಒಂದು ವಾಕ್ಯ ಕೊಟ್ಟಿದ್ದೆ: ‘ಅವನು ಬರುತ್ತೇನೆ ಎಂದು ಹೇಳಲಿಲ್ಲ.’ ನಿರಾಕರಣೆಯೂ ಕನ್ನಡದಲ್ಲಿ ವಾಕ್ಯದ ತುದಿಯಲ್ಲೇ ಇರುತ್ತದೆ. ‘ಅವನು ಬರುತ್ತೇನೆ / ಎಂದು ಹೇಳಲಿಲ್ಲ’ ಎಂದು ಮುರಿದರೆ ಓದುಗ ಒಂದು ಕ್ಷಣ ಅವನು ಬರುತ್ತಾನೆ ಎಂದೇ ನಂಬಿ, ಮುಂದಿನ ಸಾಲಿನಲ್ಲಿ ಮೆಟ್ಟಿಲು ತಪ್ಪುತ್ತಾನೆ. ಎಲ್ಲಿ ಮುರಿದರೆ ಎಷ್ಟು ನೋವು ಎಂದು ಒಂದು ಗಂಟೆ ಅದನ್ನೇ ಕುಟ್ಟಿದೆವು. ನರ್ಸ್ ನನ್ನ ವಾಕ್ಯವನ್ನು ಬಿಟ್ಟು, ಅಂಚಿನಲ್ಲಿ ತನ್ನದೇ ಒಂದನ್ನು ಬರೆದಿದ್ದಳು:

ಹೋಗಿ ಬರುತ್ತೇನೆ ಎಂದವರ ಮಾತಿನಲ್ಲಿ
ಮೊದಲರ್ಧ ನಿಜವಾಯಿತು.

ಯಾರ ಬಗ್ಗೆ ಎಂದು ಯಾರೂ ಕೇಳಲಿಲ್ಲ. ಅವಳು ಕೆಲಸ ಮಾಡುವ ಜಾಗ ಎಲ್ಲರಿಗೂ ಗೊತ್ತಿತ್ತು.

ಇನ್ನು ಹೆಬ್ಬೆರಳಿನ ವಿಷಯ. ಹೊಸಬರ ಕವಿತೆಗೆ ಕೊನೆಯ ಸಾಲು ಒಂದು ಹೆಚ್ಚುವರಿ ಅಂಗ. ಅಲ್ಲಿಯವರೆಗೆ ಸರಿಯಾಗಿ ನಡೆದು ಬಂದ ಕವಿತೆ ಅಲ್ಲಿ ನಿಂತು ತಿರುಗಿ, ತಿಳಿಯಿತೇ ಎಂದು ಕೇಳುತ್ತದೆ. ‘ಸಂದೇಶ’ ಎನ್ನುವ ಪದ ನಮ್ಮ ಪಠ್ಯಪುಸ್ತಕಗಳ ಪ್ರಶ್ನೆಗಳಲ್ಲಿ ಎಷ್ಟು ಆಳವಾಗಿ ಬೇರೂರಿದೆಯೆಂದರೆ, ಕವಿತೆ ಬರೆಯುವವರು ಉತ್ತರವನ್ನೂ ತಾವೇ ಬರೆದಿಡುತ್ತಾರೆ. ಎಂಟನೆಯ ವಾರದಿಂದ ಒಂದು ನಿಯಮ ತಂದೆ: ಕವಿತೆ ಮುಗಿದ ಮೇಲೆ ಪಕ್ಕದವರ ಕೈಗೆ ಕೊಡುವುದು, ಅವರು ಕೊನೆಯ ಸಾಲಿನ ಮೇಲೆ ಹೆಬ್ಬೆರಳಿಟ್ಟು ಓದುವುದು. ನಷ್ಟವಾಗದಿದ್ದರೆ ಹೊಡೆದು ಹಾಕುವುದು. ಅಂದು ಒಂಬತ್ತರಲ್ಲಿ ಏಳು ಕವಿತೆಗಳಿಗೆ ನಷ್ಟವಾಗಲಿಲ್ಲ.

ಕೊನೆಯ ವಾರ ನೀವೂ ಬರೆಯಬೇಕು ಎಂದು ಅವರೆಲ್ಲ ಸೇರಿ ನನಗೆ ಷರತ್ತು ಹಾಕಿದರು. ಚೀಟಿ ಎತ್ತಿಸಿದರು. ಹಾಜರಿ, ಗೂಡು, ಕಂಬ, ಉಗುರು. ನಾನು ಬೆವರಿದೆ. ಎರಡು ಸಂಕಲನ ತಂದ ಕೈ ಹದಿನೈದು ನಿಮಿಷದಲ್ಲಿ ಆರು ಸಾಲು ತಡಕಾಡಿ ಬರೆಯಿತು. ಕೊನೆಯ ಸಾಲು ಹೊಳೆದಾಗ ಮಾತ್ರ ನಿಜಕ್ಕೂ ಖುಷಿಯಾಗಿ, ಅದನ್ನು ಸ್ವಲ್ಪ ಒತ್ತಿ ಓದಿದೆ. ಪಕ್ಕದಲ್ಲಿ ಆ ಹುಡುಗ ಕೂತಿದ್ದ. ಹಾಳೆ ತೆಗೆದುಕೊಂಡ. ಕೊನೆಯ ಸಾಲಿನ ಮೇಲೆ ಹೆಬ್ಬೆರಳಿಟ್ಟು ಮನಸ್ಸಿನಲ್ಲೇ ಓದಿಕೊಂಡ, ಹುಬ್ಬು ಗಂಟಿಕ್ಕಿದ. ಎಲ್ಲರೂ ಅವನ ಬೆರಳನ್ನೇ ನೋಡುತ್ತಿದ್ದರು. ಅವನು ಅದನ್ನು ಎತ್ತಲಿಲ್ಲ. ಮೆಲ್ಲಗೆ ಇನ್ನೊಂದು ಸಾಲು ಮೇಲಕ್ಕೆ ಜರುಗಿಸಿ, ಮತ್ತೆ ಮೊದಲಿನಿಂದ ಓದತೊಡಗಿದ.